ನೆಂಟರ ಮನೆಗೆ ಹೋದ ಹಾಗೆ ದ್ವೀಪಕ್ಕೆ

ಪೆರ್ನಾಲ್ ದಿನ ಮಧ್ಯಾಹ್ನ ಊಟ ಮುಗಿಸಿ ಮನೆಯವರೆಲ್ಲ ಚಾವಡಿಯಲ್ಲಿ ಕೂತಿದ್ದಾಗ ಪ್ರವಾಸದ ಮಾತು ಬಂತು. ಗಲ್ಫ್‌ನಿಂದ ರಜೆಯಲ್ಲಿ ಬಂದ ತಮ್ಮ ಫೋನಿನಲ್ಲಿ ಮಾಲ್ಡೀವ್ಸ್‌ನ ಚಿತ್ರಗಳನ್ನು ತೋರಿಸಿದ. ನೀಲಿ ನೀರು, ನೀರಿನ ಮೇಲೆಯೇ ಕಟ್ಟಿದ ಕೋಣೆ. ಒಂದು ರಾತ್ರಿಯ ಬಾಡಿಗೆ ಕೇಳಿದಾಗ ಮದ್ರಸದ ಸಂಬಳದಲ್ಲಿ ಮನೆ ನಡೆಸುವ ನಾವು ಸುಮ್ಮನಾದೆವು. ಅಷ್ಟು ಹೊತ್ತು ಮಾತಾಡದೆ ಕೂತಿದ್ದ ಉಮ್ಮ ಆಗ ಕೇಳಿದರು: "ದ್ವೀಪವೇ ಬೇಕಾದರೆ ಅಮಿನಿ ಇಲ್ವಾ ಮೋನೇ? ನನ್ನ ಬಾಪ ಮಂಜಿಯಲ್ಲಿ ಹೋಗ್ತಿದ್ದದ್ದು ಅಲ್ಲಿಗೇ ಅಲ್ವಾ?"

ಮಕ್ಕಳಿಗೆ ಅಮಿನಿ ಅಂದರೆ ಏನೆಂದೇ ಗೊತ್ತಿರಲಿಲ್ಲ. ತಪ್ಪು ಅವರದ್ದಲ್ಲ, ಹೇಳಿಕೊಡದ ನಮ್ಮದು.

ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರಾ ಒಂದು ಕಾಲದಲ್ಲಿ ನಮ್ಮ ಜಿಲ್ಲೆಯ ಭಾಗವೇ ಆಗಿದ್ದವು. 18ನೇ ಶತಮಾನದ ಕೊನೆಗೆ ಇವು ಟಿಪ್ಪು ಸುಲ್ತಾನರ ಆಡಳಿತಕ್ಕೆ ಬಂದವು. 1799ರ ನಂತರ ಬ್ರಿಟಿಷರು ಇವುಗಳನ್ನು ಮಂಗಳೂರಿನಿಂದಲೇ ಆಳಿದರು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವ ತನಕ ಈ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ. ದ್ವೀಪದಿಂದ ತೆಂಗಿನ ನಾರಿನ ಹಗ್ಗ, ತೆಂಗಿನಕಾಯಿ, ಬೆಲ್ಲ, ಒಣಗಿಸಿದ ಮೀನು ಬರುತ್ತಿತ್ತು. ಇಲ್ಲಿಂದ ಮುಖ್ಯವಾಗಿ ಅಕ್ಕಿ ಹೋಗುತ್ತಿತ್ತು. ಮಳೆಗಾಲ ಕಳೆದ ಮೇಲೆ ಹಳೆ ಬಂದರಿಗೆ ಹೋದರೆ ಮಂಜಿಗಳಿಗೆ ದ್ವೀಪದ ಸಾಮಾನು ತುಂಬಿಸುವುದನ್ನು ಈಗಲೂ ನೋಡಬಹುದು. ಅಲ್ಲಿನವರು ಮಾತಾಡುವ ಜೆಸ್ರಿ ಮಲಯಾಳಕ್ಕೂ ನಮ್ಮ ಬ್ಯಾರಿಗೂ ನೆಂಟಸ್ತಿಕೆ ಇದೆ. ಮಿನಿಕಾಯ್‌ನವರ ಮಹಲ್ ಮಾತ್ರ ಬೇರೆಯೇ ಭಾಷೆ.

ಉಮ್ಮನ ಮಾತಿನ ಮೇಲೆ ತಯಾರಿ ಶುರುವಾಯಿತು. ಈ ಎರಡು ತಿಂಗಳಲ್ಲಿ ನಾವು ಕಲಿತದ್ದು ಓದುಗರಿಗೂ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇವೆ.

ಮೊದಲನೆಯದು ಕಾಲ. ಮೇ ಮಧ್ಯದಿಂದ ಸೆಪ್ಟೆಂಬರ್ ತನಕ ಸಮುದ್ರ ಒರಟು. ಹಡಗುಗಳು ಕಡಿಮೆ, ಪ್ರವಾಸಕ್ಕೆ ಅದು ಕಾಲವಲ್ಲ. ಏಪ್ರಿಲ್ ರಜೆಯಲ್ಲಿ ಸೆಕೆ ಜಾಸ್ತಿ. ಮಕ್ಕಳ ಶಾಲೆ, ನಮ್ಮ ಮದ್ರಸ ಎರಡನ್ನೂ ನೋಡಿ ದಸರಾ ರಜೆಯ ಕೊನೆಯ ವಾರವನ್ನು ಆರಿಸಿದೆವು.

ಎರಡನೆಯದು ಪರ್ಮಿಟ್. ನಮ್ಮದೇ ದೇಶವಾದರೂ ದ್ವೀಪದವರಲ್ಲದವರು ಅನುಮತಿ ಇಲ್ಲದೆ ಅಲ್ಲಿ ಕಾಲಿಡುವಂತಿಲ್ಲ. 1967ರಿಂದ ಇದಕ್ಕೆ ನಿಯಮವಿದೆ. ಸಣ್ಣ ನೆಲವನ್ನೂ ಅಲ್ಲಿನ ಜನರ ಬದುಕನ್ನೂ ಕಾಯುವುದಕ್ಕೆ ಅದು. ಗುರುತಿನ ಚೀಟಿ, ಫೋಟೋ, ಪೊಲೀಸ್ ಠಾಣೆಯಿಂದ ಪಡೆಯುವ ಪ್ರಮಾಣಪತ್ರ ಇಟ್ಟುಕೊಂಡು ಅರ್ಜಿ ಹಾಕಬೇಕು. ಯಾವ ದ್ವೀಪದ ಹೆಸರು ಪರ್ಮಿಟ್‌ನಲ್ಲಿದೆಯೋ ಅಲ್ಲಿಗೆ ಮಾತ್ರ ಹೋಗಬಹುದು. ಸರ್ಕಾರದ್ದೇ ಆದ ಸ್ಪೋರ್ಟ್ಸ್ ಎಂಬ ಸಂಸ್ಥೆ 1982ರಿಂದ ಪ್ರವಾಸದ ವ್ಯವಸ್ಥೆ ನೋಡಿಕೊಳ್ಳುತ್ತಿದೆ. ಇಲ್ಲವಾದರೆ ದ್ವೀಪದವರೊಬ್ಬರು ನಮ್ಮ ಜವಾಬ್ದಾರಿ ಹೊರಬೇಕು.

ಇಲ್ಲಿ ನಾವು ಒಂದು ಪೆಟ್ಟು ತಿಂದದ್ದನ್ನೂ ಹೇಳಬೇಕು. ಪರಿಚಯದವರ ಮೂಲಕ ಸಿಕ್ಕಿದ ಒಬ್ಬ ಏಜೆಂಟ್ "ಪರ್ಮಿಟ್‌ನ ತಲೆಬಿಸಿ ನಿಮಗೆ ಬೇಡ ಉಸ್ತಾದರೇ, ನೀವು ಹಡಗು ಹತ್ತಿದರೆ ಸಾಕು" ಅಂದ. ಮುಂಗಡ ಕೊಟ್ಟೆವು. ಹದಿನೈದು ದಿನ ಕಳೆದ ಮೇಲೆ ಫೋನ್ ಎತ್ತಲಿಲ್ಲ. ಹೋದದ್ದು ನಮ್ಮ ಅರ್ಧ ತಿಂಗಳ ಸಂಬಳ. ಪರ್ಮಿಟ್ ಕೈಗೆ ಬರುವ ಮೊದಲು ಪೂರ್ತಿ ಹಣ ಕೇಳುವವರನ್ನು ನಂಬಬೇಡಿ, ರಶೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮಕ್ಕಳಿಗೆ ಲೆಕ್ಕ ಬರೆದಿಡುವ ಬಗ್ಗೆ ಪಾಠ ಮಾಡುವ ನಾವೇ ಬರೆಸಿಕೊಳ್ಳಲಿಲ್ಲ.

ಮೂರನೆಯದು ದಾರಿ. 2024ರ ಮೇ ತಿಂಗಳಲ್ಲಿ ಲಕ್ಷದ್ವೀಪದಿಂದ 'ಪರಳಿ' ಎಂಬ ವೇಗದ ಹಡಗು ಸುಮಾರು 7 ಗಂಟೆಯಲ್ಲಿ ಮಂಗಳೂರಿಗೆ ಬಂದಾಗ ಹಳೆಯ ದಾರಿ ತೆರೆಯಿತೆಂದು ಎಲ್ಲರಿಗೂ ಖುಷಿಯಾಗಿತ್ತು. ಆದರೆ ಈಗಲೂ ಪ್ರವಾಸಿಗರ ಮುಖ್ಯ ಬಾಗಿಲು ಕೊಚ್ಚಿಯೇ. ಅಲ್ಲಿಂದ ಹಡಗಿನಲ್ಲಿ ದ್ವೀಪ ನೋಡಿಕೊಂಡು 14ರಿಂದ 20 ಗಂಟೆ. ವಿಮಾನವಾದರೆ ಒಂದೂವರೆ ಗಂಟೆಯಲ್ಲಿ ಅಗತ್ತಿ.

ಹಡಗಿನ ಖರ್ಚು ಕಡಿಮೆ. ಆದರೆ ಹಲವು ದ್ವೀಪಗಳಲ್ಲಿ ಹಡಗು ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಅಲೆಯಲ್ಲಿ ಮೇಲೆ ಕೆಳಗೆ ಆಡುವ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಉಮ್ಮನಿಗೆ ಎಪ್ಪತ್ತು ದಾಟಿದೆ, ಎರಡೂ ಮೊಣಕಾಲಲ್ಲಿ ನೋವು. ಡಾಕ್ಟರ್ ಬೇಡವೆಂದರು. ಅಮಿನಿಯಲ್ಲಿ ನಮ್ಮ ಜವಾಬ್ದಾರಿ ಹೊರುವವರೂ ಸಿಗಲಿಲ್ಲ. ಉಮ್ಮನ ಬಾಪನ ಕಾಲದ ಗುರುತಿನವರು ಯಾರೂ ಈಗಿಲ್ಲ. ಇದನ್ನು ಉಮ್ಮನಿಗೆ ಹೇಳುವುದು ಹೇಗೆಂದು ಎರಡು ದಿನ ಸುಮ್ಮನಿದ್ದೆವು. ಕೊನೆಗೆ ತಮ್ಮನೇ ಹೇಳಿದ. ಉಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಮತ್ತೆ, "ಅಗತ್ತಿಯಾದರೆ ಅಗತ್ತಿ. ಸಮುದ್ರ ಅದೇ ಅಲ್ವಾ" ಅಂದರು.

ತಮ್ಮ ಮಾಲ್ಡೀವ್ಸ್‌ಗೆಂದು ಎತ್ತಿಟ್ಟ ಹಣದಲ್ಲಿ ಎಲ್ಲರ ವಿಮಾನದ ಟಿಕೆಟ್ ಮಾಡಿದ. ಉಳಿದ ಖರ್ಚು ನಮ್ಮದು.

ನಾಲ್ಕನೆಯದು, ನಾವು ಹೋಗುತ್ತಿರುವುದು ಎಂಥ ಜಾಗಕ್ಕೆ ಎಂಬ ಅರಿವು. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಹೋಗಿಬಂದ ಮೇಲೆ ಎಲ್ಲರ ಬಾಯಲ್ಲೂ ಲಕ್ಷದ್ವೀಪ. ಆದರೆ 36 ದ್ವೀಪ ಸೇರಿಸಿದರೂ ನೆಲ ಬರೀ 32 ಚದರ ಕಿಲೋಮೀಟರ್. ಊರುಗಳಿರುವುದು 10ರಲ್ಲಿ. 2011ರ ಜನಗಣತಿಯಲ್ಲಿ 64,473 ಜನ. ಅಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಬಿದ್ದ ಮಳೆ ಹವಳದ ಮರಳಲ್ಲಿ ಇಂಗಿ, ಒಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ನಿಲ್ಲುತ್ತದೆ. ಬಾವಿಯಲ್ಲಿ ಸಿಗುವುದು ಅದೇ. ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ 2005ರಲ್ಲಿ ಕವರತ್ತಿಯಲ್ಲಿ, ಆಮೇಲೆ ಅಗತ್ತಿ, ಮಿನಿಕಾಯ್‌ಗಳಲ್ಲಿ ಬಂತು. ಕವರತ್ತಿಯದ್ದು ದಿನಕ್ಕೆ 1 ಲಕ್ಷ ಲೀಟರ್‌ನದ್ದು.

ಹರಿಯುವ ಹೊಳೆಯಲ್ಲೂ ವುಝೂ ಮಾಡುವಾಗ ನೀರು ಪೋಲು ಮಾಡಬಾರದೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಹೊಳೆಯೇ ಇಲ್ಲದ ಕಡೆ ದಿನಕ್ಕೆ ಮೂರು ಸಲ ಶವರ್ ತೆರೆದು ನಿಂತರೆ ಆ ಪಾಠಕ್ಕೆ ಏನರ್ಥ? ಸಮುದ್ರದಲ್ಲಿ ಆಡಿ ಬಂದ ಮೇಲೆ ಒಂದು ಬಕೆಟ್ ಎಂದು ಮನೆಯಲ್ಲಿ ಈಗಲೇ ತೀರ್ಮಾನವಾಗಿದೆ. ಪ್ಲಾಸ್ಟಿಕ್ ಕೊಂಡು ಹೋದರೆ ವಾಪಸ್ ತರಬೇಕು. ಅಲ್ಲಿ ಬಿಸಾಡಿದ್ದು ಹೋಗಲು ಬೇರೆ ಜಾಗವಿಲ್ಲ.

ಹವಳದ ಮೇಲೆ ಕಾಲಿಡಬಾರದು, ಚೂರನ್ನೂ ಎತ್ತಿಕೊಂಡು ಬರಬಾರದು. ಅದು ವನ್ಯಜೀವಿ ಕಾನೂನಿನ ರಕ್ಷಣೆಯಲ್ಲಿರುವ ಜೀವಿ. ಸಮುದ್ರದ ಬಿಸಿ ಏರಿ 1998, 2010, 2016 ಮತ್ತು 2024ರಲ್ಲಿ ಅಲ್ಲಿನ ಹವಳ ಬಿಳಿಚಿಕೊಂಡಿತ್ತು. ಹವಳ ಸತ್ತರೆ ಅಲೆ ತಡೆಯುವ ಗೋಡೆಯೇ ಹೋಯಿತು. ಊಟ ಕೊಡುವವರ ಮನೆಯ ಗೋಡೆಯಿಂದ ಕಲ್ಲು ಕಿತ್ತು ತರುವವರುಂಟಾ?

ಜನವಸತಿಯ ದ್ವೀಪಗಳಲ್ಲಿ ಮದ್ಯವಿಲ್ಲ. ಊರೊಳಗೆ ಮರ್ಯಾದೆಯ ಉಡುಪು ಬೇಕು. ನಮ್ಮ ಮನೆಯವರಿಗೆ ಇದು ಹೇಳಬೇಕಾಗಿಲ್ಲ. ಆದರೆ ಯುವಕರು ಕಂಡಕಂಡಲ್ಲಿ, ಮನೆಯಂಗಳದಲ್ಲಿ ನಿಂತವರದ್ದೆಲ್ಲ ವೀಡಿಯೊ ಮಾಡುವ ಅಭ್ಯಾಸವನ್ನು ಊರಲ್ಲೇ ಬಿಟ್ಟು ಹೋಗಲಿ.

ನಮಾಝಿನ ವಿಷಯ ಹಲವರು ಕೇಳುತ್ತಾರೆ. ತಲುಪುವ ಮತ್ತು ಹೊರಡುವ ದಿನ ಬಿಟ್ಟು ಪೂರ್ತಿ ನಾಲ್ಕು ದಿನ ಒಂದೇ ಕಡೆ ತಂಗುವ ಉದ್ದೇಶವಿದ್ದರೆ, ಶಾಫಿಈ ಮದ್‌ಹಬ್ ಪ್ರಕಾರ ಅಲ್ಲಿ ತಲುಪಿದ ಮೇಲೆ ಖಸ್ರ್, ಜಮ್ಅ್ ಇಲ್ಲ. ಅದಕ್ಕಿಂತ ಕಡಿಮೆಯಾದರೆ ರಿಯಾಯಿತಿ ಇದೆ. ನಮ್ಮದು ಮೂರು ದಿನ.

ಮೊನ್ನೆ ಪರ್ಮಿಟ್ ಕೈಗೆ ಬಂತು, ಅಲ್‌ಹಮ್ದುಲಿಲ್ಲಾಹ್. ಸಂಜೆ ನೋಡಿದರೆ ಉಮ್ಮ ಐದು ಕಿಲೋ ಕುಚ್ಚಲಕ್ಕಿ ಬಟ್ಟೆ ಚೀಲಕ್ಕೆ ಹಾಕಿ ಬಾಯಿ ಹೊಲಿಯುತ್ತಿದ್ದಾರೆ. "ಅಲ್ಲಿ ಅಂಗಡಿ ಇದೆ ಉಮ್ಮಾ, ವಿಮಾನದಲ್ಲಿ ತೂಕದ ಲೆಕ್ಕ ಉಂಟು" ಅಂದೆವು. "ಬಾಪ ಯಾವತ್ತಾದರೂ ದ್ವೀಪಕ್ಕೆ ಬರಿಗೈಲಿ ಹೋಗಿದ್ದಾರಾ?" ಅಂದರು. ನಾವು ಉಳಿಯುವ ಮನೆಯವರಿಗೆ ಕೊಡುವುದಂತೆ.

ನಮ್ಮ ಬಟ್ಟೆಯಲ್ಲಿ ಐದು ಕಿಲೋ ಕಡಿಮೆ ಮಾಡಿದೆವು.