ಹೃದಯಕ್ಕೆ ಅಂಟಿದ ಹಳದಿ ಕೊಬ್ಬು

ಫ್ರೀಮಾಂಟ್, ಸನಿವೇಲ್ ಕಡೆಯ ನಮ್ಮವರ ಮನೆಗಳಲ್ಲಿ ಯಾರಿಗಾದರೂ ನಲವತ್ತೈದಕ್ಕೇ ಹೃದಯಾಘಾತವಾದರೆ ಮೊದಲು ಬರುವ ಮಾತು ಒಂದೇ: 'ಅಷ್ಟು ಸಣ್ಣಗಿದ್ದರಲ್ಲ, ಅವರಿಗ್ಯಾಕೆ?' ಈ ಪ್ರಶ್ನೆಗೆ ಗಂಭೀರವಾಗಿ ಉತ್ತರ ಹುಡುಕಿದವರು ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಇದ್ದಾರೆ. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಾ. ಅಲ್ಕಾ ಕನಾಯಾ ಮುಂದಾಳತ್ವದ 'ಮಸಾಲಾ' ಅಧ್ಯಯನ 2010ರಿಂದ 2013ರವರೆಗೆ ಬೇ ಏರಿಯಾ ಮತ್ತು ಶಿಕಾಗೊದ 906 ದಕ್ಷಿಣ ಏಷ್ಯನ್ನರನ್ನು ಸೇರಿಸಿಕೊಂಡಿತು. ಎಲ್ಲರೂ ನಲವತ್ತು ದಾಟಿದವರು, ಯಾರಿಗೂ ಆಗ ಹೃದ್ರೋಗವಿರಲಿಲ್ಲ. ಮಧುಮೇಹ ಮಾತ್ರ ಶೇ. 23ರಷ್ಟು ಮಂದಿಯಲ್ಲಿತ್ತು, ಹೋಲಿಕೆಗೆ ತೆಗೆದುಕೊಂಡ ಬಿಳಿಯರಲ್ಲಿ ಶೇ. 6. ಸಿಟಿ ಸ್ಕ್ಯಾನ್ ಮಾಡಿ ನೋಡಿದಾಗ ನಮ್ಮವರ ಯಕೃತ್ತಿನಲ್ಲಿ, ಸ್ನಾಯುಗಳ ನಡುವೆ ಕೊಬ್ಬು ಹೆಚ್ಚು, ಸ್ನಾಯುವೇ ಕಡಿಮೆ. ತೂಕದ ಯಂತ್ರಕ್ಕೆ ಇದೊಂದೂ ಕಾಣುವುದಿಲ್ಲ. ಕೊಬ್ಬು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿ ಕೂತಿದೆ ಎನ್ನುವುದನ್ನೇ ನಾವು ಮೊದಲು ಕೇಳಬೇಕು ಎಂದು ನನಗೆ ಮನವರಿಕೆಯಾದದ್ದು ಈ ಅಂಕಿಗಳಿಂದ.

ಹಾಗೆ ಕೂರುವ ಜಾಗಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಹೃದಯ. ಎದೆ ತೆರೆದು ಹೃದಯದ ಹೊರಚೀಲ ಬಿಡಿಸಿದ ಶಸ್ತ್ರವೈದ್ಯರಿಗೆ ಎದ್ದು ಕಾಣುವುದು ಹಳದಿ ಕೊಬ್ಬು. ಆರೋಗ್ಯವಂತರಲ್ಲೂ ಅದು ಇರುತ್ತದೆ, ಇರಲೇಬೇಕು. ಹೃದಯಕ್ಕೆ ರಕ್ತ ಒಯ್ಯುವ ಕರೋನರಿ ಧಮನಿಗಳು ಅದರೊಳಗೇ ಹುದುಗಿ ಹರಿಯುತ್ತವೆ. ಬಡಿತದ ಎಳೆದಾಟದಿಂದ ಅವಕ್ಕೆ ಅದೇ ರಕ್ಷಣೆ. ಹೃದಯ ತನಗೆ ಬೇಕಾದ ಶಕ್ತಿಯ ಬಹುಪಾಲನ್ನು ಕೊಬ್ಬಿನಾಮ್ಲಗಳಿಂದಲೇ ಪಡೆಯುತ್ತದೆ, ಹಾಗಾಗಿ ಈ ಹಳದಿ ಪದರ ಬಡಿಯುವ ಸ್ನಾಯುವಿನ ಪಕ್ಕದಲ್ಲೇ ಇರುವ ಉಗ್ರಾಣ. ಧಮನಿಗಳ ಉರಿಯೂತ ತಗ್ಗಿಸುವ ಅಡಿಪೊನೆಕ್ಟಿನ್ ಎಂಬ ಹಾರ್ಮೋನನ್ನೂ ಅದು ಸ್ರವಿಸುತ್ತದೆ.

ತೊಡಕಿರುವುದು ಇಲ್ಲೇ. ಕೈಕಾಲಿನ ಸ್ನಾಯುವಿಗೂ ಚರ್ಮದಡಿಯ ಕೊಬ್ಬಿಗೂ ನಡುವೆ ಗಟ್ಟಿ ಪೊರೆಯೊಂದಿರುತ್ತದೆ. ಹೃದಯದ ಸ್ನಾಯುವಿಗೂ ಈ ಕೊಬ್ಬಿಗೂ ನಡುವೆ ಅಂಥದ್ದಿಲ್ಲ, ಎರಡಕ್ಕೂ ರಕ್ತ ಬರುವುದೂ ಅದೇ ಕರೋನರಿ ಕವಲುಗಳಿಂದ. ಇನ್ಸುಲಿನ್ನಿಗೆ ದೇಹ ಜಗ್ಗದಂತಾಗಿ ಕೊಬ್ಬಿನ ಕೋಶಗಳು ಉಬ್ಬಿದಾಗ ಅಡಿಪೊನೆಕ್ಟಿನ್ ಇಳಿಯುತ್ತದೆ, ಉರಿಯೂತ ಹುಟ್ಟಿಸುವ ರಾಸಾಯನಿಕಗಳು ಏರುತ್ತವೆ. ಅವು ಊರೆಲ್ಲ ಸುತ್ತಿ ಬರಬೇಕಾಗಿಲ್ಲ. ಪಕ್ಕದ ಧಮನಿಯ ಗೋಡೆಗೆ ಹೊರಗಿನಿಂದಲೇ ಇಳಿಯಬಲ್ಲವು. ಬೈಪಾಸ್ ರೋಗಿಗಳ ಹೃದಯದಿಂದ ತೆಗೆದ ಕೊಬ್ಬಿನ ಚೂರುಗಳಲ್ಲಿ ಇಂಥ ರಾಸಾಯನಿಕಗಳು ಅದೇ ರೋಗಿಗಳ ಕಾಲಿನ ಕೊಬ್ಬಿಗಿಂತ ಹೆಚ್ಚಿರುವುದನ್ನು 2003ರಲ್ಲೇ ತೋರಿಸಿದ್ದಾರೆ.

ನನಗೆ ಇದಕ್ಕಿಂತ ಬೆರಗು ಹುಟ್ಟಿಸುವುದು ನಿಸರ್ಗವೇ ಮಾಡಿಟ್ಟ ಒಂದು ಪ್ರಯೋಗ. ಕೆಲವರಲ್ಲಿ ಕರೋನರಿ ಧಮನಿ ಸ್ವಲ್ಪ ದೂರ ಕೊಬ್ಬನ್ನು ಬಿಟ್ಟು ಸ್ನಾಯುವಿನೊಳಗೆ ಮುಳುಗಿ ಮತ್ತೆ ಮೇಲೆದ್ದು ಬರುತ್ತದೆ. ಕೊಬ್ಬಿನಲ್ಲಿ ಹಾಯುವ ಭಾಗ ಕಟ್ಟಿಕೊಂಡಿದ್ದರೂ ಮುಳುಗಿದ ತುಂಡು ಸಾಮಾನ್ಯವಾಗಿ ಸ್ವಚ್ಛವಾಗಿಯೇ ಇರುತ್ತದೆ. ಸ್ನಾಯುವಿನ ಒತ್ತಡ, ರಕ್ತದ ಹರಿವಿನ ರೀತಿಯೂ ಇದಕ್ಕೆ ಕಾರಣವಿರಬಹುದು. ಆದರೆ ಅದೇ ರಕ್ತ, ಅದೇ ಕೊಲೆಸ್ಟರಾಲ್, ಬದಲಾದದ್ದು ನೆರೆ.

ಹೃದಯದ ಈ ಕೊಬ್ಬನ್ನು ಅಳೆಯಲು ದೊಡ್ಡ ಯಂತ್ರವೇನೂ ಬೇಡ. ಮಾಮೂಲಿ ಎಕೋ ಪರೀಕ್ಷೆಯಲ್ಲಿ ಬಲ ಹೃತ್ಕುಕ್ಷಿಯ ಮುಂದೆ ಕಾಣುವ ಪಟ್ಟಿಯ ದಪ್ಪವನ್ನು ಮಿಲಿಮೀಟರಿನಲ್ಲಿ ಓದಬಹುದು. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೆಟ್‌ಫಾರ್ಮಿನ್ ಜೊತೆ ಲಿರಾಗ್ಲುಟೈಡ್ ಔಷಧಿ ಪಡೆದ ಮಧುಮೇಹಿಗಳಲ್ಲಿ ಈ ಪಟ್ಟಿ ಆರು ತಿಂಗಳಲ್ಲಿ 9.6ರಿಂದ 6.2 ಮಿ.ಮೀ.ಗೆ ಇಳಿಯಿತು. ಊಟ ಹತೋಟಿಗೆ ತಂದು ತೂಕ ಇಳಿಸಿದವರಲ್ಲೂ ಅದು ತೆಳುವಾಗುತ್ತದೆ. ಬಿಎಂಐ 25ರೊಳಗಿದೆ ಎಂದು ನಿಶ್ಚಿಂತರಾಗುವ ನಮ್ಮವರಿಗೆ ಇನ್ನೊಂದು ಅಂಕಿ: ಅಮೆರಿಕದ ಮಧುಮೇಹ ಸಂಘ 2015ರಿಂದಲೇ ಏಷ್ಯಾ ಮೂಲದವರಿಗೆ ಸಕ್ಕರೆ ಪರೀಕ್ಷೆಯನ್ನು ಬಿಎಂಐ 23ರಿಂದಲೇ ಶುರುಮಾಡಿ ಎನ್ನುತ್ತಿದೆ.