ಬಯಲಿಗೆ ಬನ್ನಿ, ಬಣ್ಣದ ಪೆಟ್ಟಿಗೆ ಜೊತೆಗಿರಲಿ

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋವರ್ ಗ್ರೇಡ್ ಪರೀಕ್ಷೆ ಪಾಸಾದ ಹುಡುಗಿ ನಮ್ಮ ಪ್ರತಿ ಕುಟುಂಬದಲ್ಲೂ ಒಬ್ಬಳಾದರೂ ಸಿಗುತ್ತಾಳೆ. ಕ್ಲಾಸಿನ ಅರ್ಧ ಮಂದಿಗೆ ವಿಜ್ಞಾನದ ರೆಕಾರ್ಡಿನಲ್ಲಿ ದಾಸವಾಳ ಬಿಡಿಸಿಕೊಟ್ಟವಳು ಅವಳೇ. ಪಿಯುಸಿ ಮುಗಿಯಿತು, ನಿಕಾಹ್ ಆಯಿತು, ಬಣ್ಣದ ಪೆಟ್ಟಿಗೆ ಅಟ್ಟ ಸೇರಿತು. ಈಗ ಆ ಕೈಚಳಕ ಕಾಣುವುದು ಪೆರ್ನಾಲಿನ ಹಿಂದಿನ ರಾತ್ರಿ, ಮಕ್ಕಳ ಅಂಗೈಯ ಮದರಂಗಿಯಲ್ಲಿ ಮಾತ್ರ. ಹುಡುಗರ ಕತೆಯೂ ಬೇರೆಯಲ್ಲ. "ಚಿತ್ರ ಬಿಡಿಸಿದ್ರೆ ಹೊಟ್ಟೆ ತುಂಬ್ತದಾ ಮಾರಾಯ?" ಎಂಬ ಒಂದು ಮಾತಿಗೆ ಪೆನ್ಸಿಲ್ ಕೆಳಗಿಟ್ಟವರು ಎಷ್ಟೋ ಮಂದಿ.

ಹೊಟ್ಟೆ ತುಂಬಲಿಕ್ಕಲ್ಲ, ಮಾರಲಿಕ್ಕೂ ಅಲ್ಲ, ಬರೇ ಖುಷಿಗೆ ಒಟ್ಟಾಗಿ ಬಯಲಲ್ಲಿ ಕೂತು ಚಿತ್ರ ಬಿಡಿಸುವವರು ಇವತ್ತು ಜಗತ್ತಿನ ನೂರಾರು ಊರುಗಳಲ್ಲಿ ಇದ್ದಾರೆ. ಅಮೆರಿಕದ ಸಿಯಾಟಲ್‌ನ ಪತ್ರಕರ್ತ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ 'ಅರ್ಬನ್ ಸ್ಕೆಚರ್ಸ್' ಎಂಬ ಬಳಗವನ್ನು ಅಂತರ್ಜಾಲದಲ್ಲಿ ಶುರು ಮಾಡಿದರು. ಅವರ ಶರತ್ತು ಸರಳ. ಫೋಟೊ ನೋಡಿ ಬಿಡಿಸುವುದಲ್ಲ, ಜಾಗಕ್ಕೆ ಹೋಗಿ ಕಣ್ಣಾರೆ ಕಂಡದ್ದನ್ನು ಅಲ್ಲೇ ಬಿಡಿಸಬೇಕು. ನಮ್ಮ ಬೆಂಗಳೂರಿನಲ್ಲೂ 'ಪೆನ್ಸಿಲ್ ಜ್ಯಾಮ್' ಎಂಬ ಬಳಗ ಇದೇ ರೀತಿ ಪಾರ್ಕು, ಪೇಟೆ, ಹಳೇ ಕಟ್ಟಡಗಳ ಮುಂದೆ ಕೂತು ಚಿತ್ರ ಬಿಡಿಸುತ್ತಾ ಬಂದಿದೆ. ಇಂಥ ಬಳಗಗಳಿಗೆ ಸೇರಲು ಸರ್ಟಿಫಿಕೇಟ್ ಬೇಡ. ಪುಸ್ತಕ, ಪೆನ್ಸಿಲ್ ಹಿಡಿದು ಹೋದರೆ ಆಯಿತು.

ಟ್ಯೂಬಿನಿಂದ ಬಂದ ಸ್ವಾತಂತ್ರ್ಯ

ಬಯಲಲ್ಲಿ ಬಣ್ಣ ಹಾಕುವುದು ಹಿಂದೆ ಇಷ್ಟು ಸಲೀಸಾಗಿರಲಿಲ್ಲ. ತೈಲವರ್ಣವನ್ನು ಅರೆದು, ಕಲಸಿ, ಒಣಗುವ ಮೊದಲು ಬಳಸಬೇಕಿತ್ತು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ, ಹಿಂಡಿದರೆ ಬಣ್ಣ ಬರುವ ತವರದ ಟ್ಯೂಬಿಗೆ ಪೇಟೆಂಟ್ ಪಡೆದರು. ಟೂತ್‌ಪೇಸ್ಟ್ ಟ್ಯೂಬಿಗಿಂತ ಮೊದಲೇ ಬಂದ ಈ ಟ್ಯೂಬು ಚಿತ್ರಕಾರರನ್ನು ಕೋಣೆಯಿಂದ ಹೊಲ, ಹೊಳೆ, ಬೀದಿಗೆ ಕರೆತಂದಿತು. ಫ್ರಾನ್ಸಿನ ಮೋನೆ ಮತ್ತು ಗೆಳೆಯರು ಬೆಳಕಿನ ಬೆನ್ನುಹತ್ತಿ ಹೋದದ್ದು ಆಮೇಲೆ.

ಕನ್ನಡ ನಾಡಿನಲ್ಲಿ ಕೆ. ವೆಂಕಟಪ್ಪ (1886-1965) ಊಟಿಯ ಬೆಟ್ಟ, ಮಂಜು, ಸಂಜೆಗಳನ್ನು ಜಲವರ್ಣದಲ್ಲಿ ಹಿಡಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಆರ್ಟ್ ಗ್ಯಾಲರಿಗೆ ಇರುವುದು ಅವರದೇ ಹೆಸರು. ಸ್ವಾತಂತ್ರ್ಯ ಹೋರಾಟಗಾರ ರುಮಾಲೆ ಚನ್ನಬಸವಯ್ಯ (1910-1988) ಬೆಂಗಳೂರಿನ ಹೂಬಿಟ್ಟ ಮರಗಳನ್ನು ಮರದ ಎದುರಲ್ಲೇ ನಿಂತು ಬಿಡಿಸಿದರು. ಆ ಬೀದಿಗಳು ಈಗ ಹಾಗಿಲ್ಲ. ಚಿತ್ರಗಳು ಉಳಿದಿವೆ.

ಮನೆಯ ಅಳುಕು

ಚಿತ್ರ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಒಂದು ಅಳುಕು ಉಂಟು. ಅದನ್ನು ಬದಿಗಿಟ್ಟು ಮಾತಾಡಿದರೆ ಪ್ರಯೋಜನ ಇಲ್ಲ. ಜೀವವಿರುವವುಗಳ ಚಿತ್ರದ ಬಗ್ಗೆ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ಆದರೆ ಮರ, ಬೆಟ್ಟ, ನೀರು, ಕಟ್ಟಡಗಳ ವಿಷಯ ಹಾಗಲ್ಲ. ಚಿತ್ರ ಬಿಡಿಸಿಯೇ ಜೀವನ ಸಾಗಿಸುತ್ತಿದ್ದ ಒಬ್ಬ ವ್ಯಕ್ತಿ ಇಬ್ನು ಅಬ್ಬಾಸ್(ರ) ಅವರ ಬಳಿ ಬಂದಾಗ, ಬಿಡಿಸಲೇಬೇಕೆಂದಿದ್ದರೆ ಮರವನ್ನೂ ಆತ್ಮವಿಲ್ಲದ ವಸ್ತುಗಳನ್ನೂ ಬಿಡಿಸು ಎಂದು ಅವರು ತಿಳಿಸಿದ್ದು ಬುಖಾರಿಯಲ್ಲಿ ದಾಖಲಾಗಿದೆ. ಮಂಗಳೂರು ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿಯ ಮರದ ಕೆತ್ತನೆ ನೋಡಿದವರಿಗೆ ನಮ್ಮ ಹಿರಿಯರಿಗೆ ಚೆಲುವಿನ ಮೇಲೆ ಎಷ್ಟು ಪ್ರೀತಿ ಇತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಬಯಲಿನ ಚಿತ್ರಕಲೆಯ ಮುಖ್ಯ ವಸ್ತುವೇ ಮರ, ಬಂಡೆ, ಕೆರೆ, ಆಕಾಶ. ಹಾಗಾಗಿ ಅಳುಕು ಇರುವ ಮನೆಗೂ ಇದು ತೆರೆದ ಬಾಗಿಲು.

ಹಂಪಿಯಿಂದ ಆಚೆಗೆ

ಎಲ್ಲಿ ಕೂರುವುದು? ಮನೆಯ ಅಂಗಳದಿಂದಲೇ ಶುರು ಮಾಡಬಹುದು. ಆದರೆ ರಜೆ ಬಂತೆಂದರೆ ಕರಾವಳಿಯ ಎಷ್ಟೋ ಕುಟುಂಬಗಳು ಹಂಪಿಗೆ ಹೋಗುತ್ತವೆ. ಕಲ್ಲಿನ ರಥದ ಮುಂದೆ ಸೆಲ್ಫಿ ತೆಗೆದು ಅದೇ ದಿನ ಹಿಂದಿರುಗುತ್ತವೆ. ಇನ್ನೊಂದು ದಿನ ಕೈಯಲ್ಲಿದ್ದರೆ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಉಳಿದ ಐದು ತಾಲೂಕುಗಳತ್ತ ಹೊರಳಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಚಿತ್ರ ಬಿಡಿಸುವವರಿಗೆ ಹೇಳಿಮಾಡಿಸಿದ ಜಾಗಗಳಿವು, ಜನಜಂಗುಳಿಯೂ ಇಲ್ಲ. ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ರೈಲುಹಾದಿ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ.

ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದಿಂದ ಶುರು ಮಾಡೋಣ. ರೈತರ ನೀರಾವರಿಗಾಗಿ ಕಟ್ಟಿದ ಈ ಕೆರೆ ಇವತ್ತು 98.76 ಹೆಕ್ಟೇರಿನ ಪಕ್ಷಿ ಸಂರಕ್ಷಣಾ ಮೀಸಲು. 2024ರಲ್ಲಿ ಅಂತಾರಾಷ್ಟ್ರೀಯ ರಾಮ್ಸರ್ ಪಟ್ಟಿಗೂ ಸೇರಿತು. ನೀರಿನ ನಡುವೆ ನಿಂತ ಜಾಲಿಮರಗಳು, ಅವುಗಳ ಮೇಲೆ ಬಣ್ಣದ ಕೊಕ್ಕರೆಗಳು. ಹಕ್ಕಿಯನ್ನು ಬಿಡಿಸಲು ಮನಸ್ಸಿಲ್ಲದವರಿಗೆ ಮರ ಮತ್ತು ಅದರ ಬಿಂಬವೇ ಒಂದು ಬೆಳಗಿನ ಕೆಲಸ. ಏರಿಯ ಮೇಲೆ ಗಲಾಟೆ ಮಾಡಬಾರದು, ಅಷ್ಟೇ.

ಕೂಡ್ಲಿಗಿ ತಾಲೂಕಿನ ಗುಡೇಕೋಟೆಯಲ್ಲಿ ಕೋಟೆ ಮತ್ತು ಬಂಡೆ ಒಂದರೊಳಗೊಂದು ಬೆಳೆದಂತಿವೆ. ಬಂಡೆ ಎಂದರೆ ಬೂದು ಎಂದುಕೊಂಡು ಬಂದವರಿಗೆ ಬೆಳಗಿನ ಬಿಸಿಲಲ್ಲಿ ಅದು ಜೇನಿನ ಬಣ್ಣದಲ್ಲಿ ಕಾಣುತ್ತದೆ. ನೆರಳಿಗೆ ಕಪ್ಪು ಹಚ್ಚಬೇಡಿ. ಕಂದು ಮತ್ತು ನೀಲಿ ಕಲಸಿದರೆ ಜೀವಂತ ಬೂದು ಬಣ್ಣ ಸಿಗುತ್ತದೆ. ಸುತ್ತಲಿನ ಕಾಡು ಕರಡಿಧಾಮ. ಸಂಜೆಯಾಗುವ ಮೊದಲೇ ಚಾಪೆ ಮಡಚಿ ಹೊರಡಬೇಕು.

"ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು" ಎಂಬುದು ಆ ಕಡೆಯ ಗಾದೆ. ಕೊಟ್ಟೂರು ತಾಲೂಕಿನ ಉಜ್ಜಿನಿಯ ದೇವಸ್ಥಾನದ ಒಳಗಿನ ಕೆತ್ತನೆ ಅಷ್ಟು ಸೂಕ್ಷ್ಮ. ಹರಪನಹಳ್ಳಿ ತಾಲೂಕಿನ ಬಾಗಳಿಯಲ್ಲಿರುವುದು ಸುಮಾರು ಸಾವಿರ ವರ್ಷ ಹಳೆಯ ಕಲ್ಲೇಶ್ವರ ಗುಡಿ. ಅದರ ಒಂದೊಂದು ಕಂಬವೂ ಒಂದೊಂದು ಪಾಠ. ಇಂಥ ಕಡೆ ಮೊದಲು ಅಲ್ಲಿನವರನ್ನು ಕೇಳಿ, ಅವರು ತೋರಿಸಿದ ಜಾಗದಲ್ಲಿ ಕೂತರೆ ಅವರಿಗೂ ಸಮಾಧಾನ, ನಮಗೂ ಸಮಾಧಾನ. ಬಿಡಿಸಿದ ಮೇಲೆ ಚಿತ್ರವನ್ನು ಅವರಿಗೊಮ್ಮೆ ತೋರಿಸಿ. ಮುಂದಿನ ಮಾತು ತಾನಾಗಿ ಶುರುವಾಗುತ್ತದೆ.

ಹೂವಿನಹಡಗಲಿಯ ಮಲ್ಲಿಗೆ, ನಮ್ಮ ಉಡುಪಿ ಮಲ್ಲಿಗೆಯ ಹಾಗೆಯೇ, ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹೂವು. ಜಲವರ್ಣದವರಿಗೆ ಮಲ್ಲಿಗೆ ತೋಟ ದೊಡ್ಡ ಪರೀಕ್ಷೆ. ಅದರ ಬಿಳಿ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ. ಸುತ್ತಲ ಹಸಿರು ಹಚ್ಚಿ ಹೂವಿನ ಜಾಗದಲ್ಲಿ ಕಾಗದವನ್ನು ಹಾಗೇ ಬಿಡಬೇಕು.

ಕರಾವಳಿಯಿಂದ ಹೋದವರು ಒಂದು ಮಾತು ನೆನಪಿಡಬೇಕು. ನಮ್ಮ ಮಳೆಗಾಲದಲ್ಲಿ ಕಾಗದದ ಮೇಲಿನ ಬಣ್ಣ ಒಣಗುವುದೇ ಇಲ್ಲ. ಆ ಬಯಲಿನ ಬಿಸಿಲಲ್ಲಿ ಕುಂಚ ಎತ್ತುವ ಮೊದಲೇ ಒಣಗಿರುತ್ತದೆ. ಬೆಳಿಗ್ಗೆ ಆರೂವರೆಗೆ ಕೂತು ಒಂಬತ್ತಕ್ಕೆ ಏಳುವುದು ಲೇಸು. ಕೂರುವುದು ನೆರಳಲ್ಲೇ ಇರಲಿ. ಬಿಸಿಲಿಗೆ ಕಾಗದ ಕಣ್ಣು ಕುಕ್ಕಿದರೆ ಗೊತ್ತಿಲ್ಲದೆ ಗಾಢ ಬಣ್ಣ ಹಚ್ಚುತ್ತೇವೆ, ಮನೆಗೆ ಬಂದು ನೋಡಿದರೆ ಚಿತ್ರ ಮಂಕು.

ನಾಲ್ಕು ಜನ ಸಾಕು

ಒಬ್ಬಳೇ ಹೆಣ್ಣುಮಗಳು ಕೆರೆ ಏರಿಯ ಮೇಲೆ ಎರಡು ಗಂಟೆ ಕೂತರೆ ಹತ್ತು ಜನ ಹತ್ತು ಮಾತು ಕೇಳುತ್ತಾರೆ. ನಾಲ್ಕು ಜನ ಕೂತರೆ ಅದು ಒಂದು ಬಳಗ. ಬಳಗದ ನಿಜವಾದ ಉಪಯೋಗ ಇದೇ. ಉಮ್ಮ, ಮಗಳು, ಪಕ್ಕದ ಮನೆಯ ಟೀಚರ್, ನಿವೃತ್ತರಾದ ಮಾಮ, ಇಷ್ಟು ಸಾಕು. ತಿಂಗಳಿಗೊಂದು ಆದಿತ್ಯವಾರ ಗೊತ್ತುಮಾಡಿ. ಮಕ್ಕಳಿಗೆ ಮದ್ರಸ ಇದ್ದರೆ ಅದು ಮುಗಿದ ಮೇಲೆ ಹೊರಡಿ. ದಪ್ಪ ಕಾಗದದ ಪುಸ್ತಕ, ಪೆನ್ಸಿಲ್, ಶಾಲೆಯ ಬಣ್ಣದ ಪೆಟ್ಟಿಗೆ, ಎರಡು ಕುಂಚ, ಒಂದು ಬಾಟಲಿ ನೀರು, ಹಳೇ ಬಟ್ಟೆ. ತೆಳು ಡ್ರಾಯಿಂಗ್ ಶೀಟ್ ಬೇಡ, ನೀರು ತಾಗಿದರೆ ಹಪ್ಪಳದಂತೆ ಏಳುತ್ತದೆ.

ಸ್ಪರ್ಧೆ, ಬಹುಮಾನ ಯಾವುದೂ ಬೇಡ. ಕೊನೆಯ ಹತ್ತು ನಿಮಿಷ ಎಲ್ಲರ ಚಿತ್ರಗಳನ್ನೂ ನೆಲದ ಮೇಲೆ ಸಾಲಾಗಿ ಇಟ್ಟು ನೋಡುವುದು ಇಂಥ ಬಳಗಗಳ ವಾಡಿಕೆ. ಒಂದೇ ಬಂಡೆ, ನಾಲ್ಕು ಚಿತ್ರ, ನಾಲ್ಕೂ ಬೇರೆ ಬೇರೆ. ಹತ್ತು ವರ್ಷದ ಮಗುವಿನದ್ದೂ ಐವತ್ತು ದಾಟಿದ ಉಮ್ಮನದ್ದೂ ಪಕ್ಕಪಕ್ಕದಲ್ಲಿ. ಯಾರದ್ದು ಚಂದ ಎಂದು ಕೇಳದೆ, ನೀನು ಇಲ್ಲಿ ಎಂತ ನೋಡಿದೆ ಎಂದು ಕೇಳಿ.

ಮತ್ತೊಂದು ಕೆಲಸ ಮರೆಯಬಾರದು. ಚಿತ್ರದ ಮೂಲೆಯಲ್ಲಿ ಊರಿನ ಹೆಸರು, ತಾರೀಕು ಬರೆಯಿರಿ. ಕೆರೆ ತುಂಬಿದ ವರ್ಷ, ಬತ್ತಿದ ವರ್ಷ, ರಸ್ತೆ ಅಗಲವಾಗುವ ಮೊದಲು ಅಲ್ಲಿದ್ದ ಮರ, ಹಂಚಿನ ಮನೆ, ಎಲ್ಲವೂ ಆ ಪುಸ್ತಕದಲ್ಲಿ ಸೇರುತ್ತಾ ಹೋಗುತ್ತದೆ. ಮೊಮ್ಮಕ್ಕಳು ತೆರೆದು ನೋಡಿದಾಗ ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ.