ಮೂಳೆಗೆ ಒಗ್ಗುವ ಲೋಹ

ಸವೆದ ಸೊಂಟದ ಕೀಲಿಗೂ ಬಿದ್ದುಹೋದ ಹಲ್ಲಿನ ಬೇರಿಗೂ ಬದಲಾಗಿ ಕೂರಿಸುವ ಇಂಪ್ಲಾಂಟ್‌ಗಳಲ್ಲಿ ಟೈಟೇನಿಯಂ ಬಳಕೆ ಹೆಚ್ಚು. ಗಾಳಿ ತಾಕಿದೊಡನೆ ಅದರ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ದೇಹದ್ರವದಲ್ಲಿ ಲೋಹ ಕೊರೆದುಹೋಗದಂತೆ ಕಾಯುವುದು ಈ ಪೊರೆಯೇ. 1950ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಮೂಳೆಯಲ್ಲಿ ಇರಿಸಿದ್ದ ಟೈಟೇನಿಯಂ ಸಾಧನವನ್ನು ತೆಗೆಯಹೋದಾಗ ಅದು ಮೂಳೆಗೆ ಬೆಸೆದುಕೊಂಡುಬಿಟ್ಟಿತ್ತು. 1965ರಲ್ಲಿ ಅವರು ಮನುಷ್ಯನ ದವಡೆಗೆ ಟೈಟೇನಿಯಂ ಹಲ್ಲುಬೇರು ಕೂರಿಸಿದರು. ಆದರೆ ಈ ಬೆಸುಗೆಗೆ ತಿಂಗಳುಗಳೇ ಹಿಡಿಯುತ್ತವೆ. ಅದನ್ನು ಚುರುಕುಗೊಳಿಸಲೆಂದೇ ಲೇಪ ಬೇಕಾಯಿತು.

ಮೂಳೆಗೆ ಗಟ್ಟಿತನ ಕೊಡುವ ಖನಿಜ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್‌ನ ಒಂದು ರೂಪ. ಅದನ್ನು ಲೋಹಕ್ಕೆ ಹಚ್ಚುವ ರೂಢಿಯ ದಾರಿ ಪ್ಲಾಸ್ಮಾ ಸಿಂಪಡಣೆ. ಆದರೆ ಅದರ ಸಾವಿರಾರು ಡಿಗ್ರಿ ಕಾವಿನಲ್ಲಿ ಖನಿಜದ ಒಂದು ಪಾಲು ಒಡೆದು ಬೇರೆ ಸಂಯುಕ್ತಗಳಾಗುತ್ತದೆ. ಸಿಂಪಡಣೆಯ ನೇರಕ್ಕೆ ಸಿಗದ ಸಂದುಗಳು ಬರಿದಾಗಿಯೇ ಉಳಿಯುತ್ತವೆ.

ವಿದ್ಯುದ್ರಾಸಾಯನಿಕ ವಿಧಾನದಲ್ಲಿ ಇದೇ ಕೆಲಸ ಕುದಿಬಿಂದುವಿಗಿಂತ ಕೆಳಗಿನ ನೀರಿನಲ್ಲಿ ಮುಗಿಯುತ್ತದೆ. ಕ್ಯಾಲ್ಸಿಯಂ ನೈಟ್ರೇಟ್, ಅಮೋನಿಯಂ ಫಾಸ್ಫೇಟ್ ಕರಗಿಸಿದ ತುಸು ಆಮ್ಲೀಯ ದ್ರಾವಣದಲ್ಲಿ ಇಂಪ್ಲಾಂಟ್ ಋಣಾಗ್ರವಾದರೆ ಪ್ಲಾಟಿನಂ ಅಥವಾ ಗ್ರಾಫೈಟ್ ಧನಾಗ್ರ. ಬೆಳ್ಳಿಯ ಲೇಪದಲ್ಲಾಗುವಂತೆ ಇಲ್ಲಿ ಅಯಾನುಗಳು ಇಲೆಕ್ಟ್ರಾನ್ ಪಡೆದು ಲೋಹವಾಗುವುದಿಲ್ಲ. ವಿದ್ಯುತ್ತು ಒಡೆಯುವುದು ನೀರನ್ನು. ಹೈಡ್ರೋಜನ್ ಗುಳ್ಳೆಯಾಗಿ ಹೊರಟುಹೋಗುತ್ತದೆ, ಹೈಡ್ರಾಕ್ಸೈಡ್ ಅಲ್ಲೇ ಉಳಿಯುತ್ತದೆ. ಇಡೀ ಪಾತ್ರೆಯ ದ್ರಾವಣ ಆಮ್ಲೀಯವಾಗಿದ್ದರೂ ಲೋಹಕ್ಕೆ ಅಂಟಿದ ತೆಳು ಪದರ ಮಾತ್ರ ಕ್ಷಾರವಾಗುತ್ತದೆ. ಕ್ಷಾರದಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಕರಗಿರಲಾರದು. ಬೋರ್‌ವೆಲ್ ನೀರು ಕಾಯಿಸುವ ಗೀಸರ್‌ನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವಂತೆ ಅದು ಲೋಹದ ಮೈಮೇಲೆ ಹರಳುಗಟ್ಟುತ್ತದೆ. ದ್ರಾವಣ ಇಳಿಯುವ ಸಣ್ಣ ರಂಧ್ರಗಳಿಗೂ ಲೇಪ ತಲುಪುತ್ತದೆ. ಹಲವು ವೇಳೆ ಮೊದಲು ಕೂರುವುದು ಬ್ರಶೈಟ್ ಎಂಬ ಬೇರೊಂದು ಕ್ಯಾಲ್ಸಿಯಂ ಫಾಸ್ಫೇಟ್; ಕ್ಷಾರ ದ್ರಾವಣದಲ್ಲಿ ನೆನೆಸಿಟ್ಟು ಅದನ್ನು ಹೈಡ್ರಾಕ್ಸಿಅಪಟೈಟ್ ಆಗಿಸುತ್ತಾರೆ.

ತೊಡಕು ತರುವುದೂ ಆ ಗುಳ್ಳೆಗಳೇ. ಅವು ಅಂಟಿಕೊಂಡ ಕಡೆ ಲೇಪ ತೂತಾಗಿ ಸಡಿಲವಾಗುತ್ತದೆ. ವಿದ್ಯುತ್ತನ್ನು ಬಿಟ್ಟು ಬಿಟ್ಟು ಹರಿಸಿದರೆ ಗುಳ್ಳೆ ಕಳಚಿಕೊಳ್ಳಲು, ಅಯಾನುಗಳು ಮತ್ತೆ ಲೋಹದ ಬಳಿ ಸೇರಲು ಬಿಡುವು ಸಿಗುತ್ತದೆ.

ಇಂಪ್ಲಾಂಟನ್ನೇ ಧನಾಗ್ರವಾಗಿಸಿದರೆ ಪರಿಣಾಮ ಬೇರೆ: ಹೊರಗಿನದೇನೂ ಬಂದು ಕೂರುವುದಿಲ್ಲ, ಸಹಜ ಆಕ್ಸೈಡ್ ಪೊರೆಯೇ ದಪ್ಪವಾಗುತ್ತದೆ. ವೋಲ್ಟೇಜ್ ಏರಿದಂತೆ ಪೊರೆಯ ದಪ್ಪ ಹೆಚ್ಚಿ, ಬಣ್ಣ ಹಚ್ಚದೆಯೇ ಲೋಹ ಹೊಂಬಣ್ಣಕ್ಕೆ, ನೇರಳೆಗೆ, ನೀಲಿಗೆ ತಿರುಗುತ್ತದೆ. ಪೊರೆಯ ಮೇಲಿಂದ, ಕೆಳಗಿಂದ ಪ್ರತಿಫಲಿಸಿದ ಬೆಳಕಿನ ಅಲೆಗಳು ಒಂದನ್ನೊಂದು ಕೂಡಿ ಕಳೆದು ಈ ಬಣ್ಣ ಮೂಡಿಸುತ್ತವೆ. ಮೂಳೆಗೆ ಹಾಕುವ ಸ್ಕ್ರೂಗಳ ಅಳತೆಯನ್ನು ಶಸ್ತ್ರಚಿಕಿತ್ಸಕರು ಗುರುತಿಸಲು ಇದೇ ಬಣ್ಣ ನೆರವಾಗುತ್ತದೆ. ದ್ರಾವಣದಲ್ಲಿ ಫ್ಲೋರೈಡ್ ಇದ್ದರೆ ಪೊರೆ ನ್ಯಾನೋ ಕೊಳವೆಗಳ ಸಾಲಾಗಿ ಬೆಳೆಯುತ್ತದೆ.

ಎರಡೂ ವಿಧಾನಗಳನ್ನು ಒಂದರ ಮೇಲೊಂದು ಬಳಸುವುದುಂಟು: ಮೊದಲು ಒರಟಾದ ಆಕ್ಸೈಡ್, ಅದರ ಮೇಲೆ ಹೈಡ್ರಾಕ್ಸಿಅಪಟೈಟ್. ಹರಳುಗಳು ಆ ಒರಟು ಮೈಯ ಕುಳಿಗಳಿಂದಲೇ ಬೆಳೆಯುವುದರಿಂದ ಲೇಪದ ಹಿಡಿತ ಗಟ್ಟಿಯಾಗುತ್ತದೆ.